ಇಟಲಿಯ ಕಡಲತೀರಕ್ಕೆ ಇಬ್ಬರೇ ಹೊರಟವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಇಟಲಿಯದ್ದೇ ಜಾಸ್ತಿ. ಅದರಲ್ಲೂ ಗಂಡ ಹೆಂಡತಿ ಇಬ್ಬರೇ ಹೋಗಬೇಕು, ಸಮುದ್ರದ ಪಕ್ಕದಲ್ಲೇ ಇರಬೇಕು ಅನ್ನುವವರು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ನಮಗೆ ಜೂನ್‌ನಲ್ಲಿ ಹತ್ತು ದಿನ ರಜೆ ಸಿಕ್ಕಿದೆ. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರವಾಸ. ವೆನಿಸ್, ಚಿಂಕ್ವೆ ತೆರ್ರೆ, ರೋಮ್, ಅಮಾಲ್ಫಿ, ಕಾಪ್ರಿ, ಸಿಸಿಲಿ ಎಲ್ಲ ಸೇರಿಸಿ ಪಟ್ಟಿ ಮಾಡಿದ್ದೇವೆ. ಆಗುತ್ತಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಅಷ್ಟೂ ಊರಿಗೆ ಕಾಲಿಟ್ಟು ಬರಬಹುದು. ಆದರೆ ಇಬ್ಬರೂ ಕೂತು ನಿಧಾನವಾಗಿ ಊಟ ಮಾಡಿದ ಒಂದು ಸಂಜೆಯೂ ಸಿಗುವುದಿಲ್ಲ. ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಊರುಗಳನ್ನು ಈಗಲೇ ಹೊಡೆದುಹಾಕಿ.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಹೋಗಿ ಬರುವುದಕ್ಕೇ ಹತ್ತಿರ ಹತ್ತಿರ ಎರಡು ದಿನ ಹೋಗುತ್ತದೆ, ದಾರಿಯಲ್ಲಿ ಎಲ್ಲಾದರೂ ವಿಮಾನ ಬದಲಿಸಬೇಕು. ವೆನಿಸ್‌ನಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲೂ ಐದು ಗಂಟೆಯ ಮೇಲೆ. ನೇಪಲ್ಸ್‌ನಿಂದ ಸಿಸಿಲಿಯ ಪಲೆರ್ಮೊಗೆ ಹಡಗು ಹತ್ತಿದರೆ ಒಂದು ಇಡೀ ರಾತ್ರಿ. ಊರು ಬದಲಿಸಿದ ಪ್ರತಿ ದಿನವೂ ಬೆಳಗ್ಗೆ ಬ್ಯಾಗ್ ಕಟ್ಟುವುದು, ರೂಮ್ ಬಿಡುವುದು, ಹೊಸ ಊರಲ್ಲಿ ಮಧ್ಯಾಹ್ನ ಮೂರರವರೆಗೆ ರೂಮಿಗಾಗಿ ಕಾಯುವುದು. ಇಟಲಿಯ ಕರಾವಳಿ ದ್ವೀಪಗಳೂ ಸೇರಿ ಏಳು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ಇದೆ. ಅದನ್ನು ಒಂದೇ ರಜೆಯಲ್ಲಿ ಮುಗಿಸಬೇಕಿಲ್ಲ. ಒಂದು ತುಂಡು ಹಿಡಿಯಿರಿ, ಅಲ್ಲೇ ಇರಿ.

ನಿಮ್ಮ ಪಟ್ಟಿಯಿಂದ ನಾನು ಉಳಿಸುವುದು ಎರಡೇ: ರೋಮ್ ಮತ್ತು ಅಮಾಲ್ಫಿ ಕಡೆಯ ಕರಾವಳಿ. ರೋಮ್‌ನಲ್ಲಿ ಎರಡು ರಾತ್ರಿ. ಅಲ್ಲಿಂದ ಸಲೆರ್ನೊ ಊರಿಗೆ ನೇರ ವೇಗದ ರೈಲಿದೆ, ಸುಮಾರು ಎರಡು ಗಂಟೆ. ಎಲ್ಲರೂ ನೇಪಲ್ಸ್‌ನಲ್ಲಿ ಇಳಿದು, ಲೋಕಲ್ ರೈಲಿನಲ್ಲಿ ನಿಂತುಕೊಂಡು ಸೊರೆಂಟೊಗೆ ಹೋಗಿ, ಅಲ್ಲಿಂದ ಬಸ್ಸಿಗೆ ಸಾಲು ನಿಲ್ಲುತ್ತಾರೆ. ಸಲೆರ್ನೊ ಕಡೆಯಿಂದ ಹೋದರೆ ಈ ಪಾಡಿಲ್ಲ. ಸ್ಟೇಷನ್‌ನಿಂದ ಐದು ನಿಮಿಷ ನಡೆದರೆ ದೋಣಿ ಕಟ್ಟೆ ಸಿಗುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿಂದ ಅಮಾಲ್ಫಿ, ಪೊಸಿಟಾನೊಗಳಿಗೆ ಫೆರಿ ಓಡುತ್ತದೆ. ಅಮಾಲ್ಫಿಗೆ ಸುಮಾರು 35 ನಿಮಿಷ, ಪೊಸಿಟಾನೊಗೆ ಒಂದು ಗಂಟೆಯ ಮೇಲೆ ಸ್ವಲ್ಪ.

ಹೋಗುವಾಗ ಮೇಲಿನ ಡೆಕ್‌ನಲ್ಲಿ ಬಲಗಡೆ ಕೂರಿ. ಮೊದಲು ವಿಯೆತ್ರಿ ಬರುತ್ತದೆ, ಅಲ್ಲಿನ ಚರ್ಚಿನ ಗುಮ್ಮಟಕ್ಕೆ ಹಸಿರು ಹಳದಿ ಹೆಂಚು ಹೊದಿಸಿದ್ದಾರೆ, ಊರೇ ಪಿಂಗಾಣಿ ಕೆಲಸಕ್ಕೆ ಹೆಸರುವಾಸಿ. ಆಮೇಲೆ ಚೆತಾರಾ, ಮೀನುಗಾರರ ಊರು, ದಡದಲ್ಲೇ ಹಳೆಯ ಕಾವಲು ಗೋಪುರ. ಅಲ್ಲಿಂದ ಮುಂದೆ ಬೆಟ್ಟಕ್ಕೆ ಬೆಟ್ಟವೇ ಕಲ್ಲಿನ ಕಟ್ಟೆ ಕಟ್ಟಿ ಮಾಡಿದ ನಿಂಬೆ ತೋಟ. ಚೆಸ್ಟ್‌ನಟ್ ಮರದ ಗೂಟಗಳನ್ನು ನೆಟ್ಟು, ಅದರ ಮೇಲೆ ಗಿಡಗಳನ್ನು ಹಬ್ಬಿಸಿ, ಗಾಳಿ ಆಲಿಕಲ್ಲಿಗೆ ಕಪ್ಪು ಬಲೆ ಹೊದಿಸಿರುತ್ತಾರೆ. ಕೊಯ್ಲಿನ ಹೊತ್ತಿಗೆ ಆ ಕಡಿದಾದ ಮೆಟ್ಟಿಲುಗಳಲ್ಲಿ ಜನ ಬುಟ್ಟಿ ಹೊತ್ತು ಇಳಿಯುತ್ತಾರೆ. ಈ ಇಡೀ ಕರಾವಳಿ 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಸಮುದ್ರದ ಕಡೆಯಿಂದ ನೋಡಿದರೆ, ಆ ಮನುಷ್ಯರ ಶ್ರಮ ಎಷ್ಟು ಅಂತ ಗೊತ್ತಾಗುತ್ತದೆ.

ರೂಮ್ ಎಲ್ಲಿ? ಪೊಸಿಟಾನೊ ಚೆಂದ, ಆದರೆ ದುಬಾರಿ, ಮತ್ತು ಸೂಟ್‌ಕೇಸ್ ಎಳೆದುಕೊಂಡು ಹತ್ತುವ ಮೆಟ್ಟಿಲಿಗೆ ಲೆಕ್ಕವಿಲ್ಲ. ಅದನ್ನು ಒಂದು ಹಗಲು ನೋಡಿ ಬನ್ನಿ. ಉಳಿಯುವುದಕ್ಕೆ ಅತ್ರಾನಿ ಅಥವಾ ಮಿನೋರಿ ನೋಡಿ. ಅತ್ರಾನಿ ಅಮಾಲ್ಫಿಯಿಂದ ಹತ್ತು ನಿಮಿಷದ ನಡಿಗೆ, ವಿಸ್ತೀರ್ಣದಲ್ಲಿ ಇಟಲಿಯ ಅತಿ ಚಿಕ್ಕ ಪುರಸಭೆ ಅದು. ಚಿಕ್ಕ ಚೌಕ, ಅದರಾಚೆ ಕಮಾನು, ಕಮಾನಿನಾಚೆ ಬೀಚ್. ದಿನದ ಪ್ರವಾಸಿಗರೆಲ್ಲ ಕೊನೆಯ ದೋಣಿ ಹಿಡಿದು ಹೋದ ಮೇಲೆ ಊರು ನಿಮ್ಮದು. ದುಡ್ಡು ಇನ್ನೂ ಉಳಿಸಬೇಕು ಅಂದರೆ ಸಲೆರ್ನೊದಲ್ಲೇ ಇದ್ದು ದಿನಾ ದೋಣಿಯಲ್ಲಿ ಓಡಾಡಬಹುದು.

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೆಯ ರೋಮನ್ ಊರು ಪೊಂಪೆ ಬಿಡಬೇಡಿ. ಸಲೆರ್ನೊದಿಂದ ಹತ್ತಿರ. ಈಗ ಅಲ್ಲಿ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಟಿಕೆಟ್ ಹೆಸರಿನ ಮೇಲೇ ಕೊಡುತ್ತಾರೆ. ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ, ಪಾಸ್‌ಪೋರ್ಟ್ ಜೊತೆಗಿರಲಿ, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹನ್ನೊಂದರ ಮೇಲೆ ನೆರಳೇ ಸಿಗುವುದಿಲ್ಲ.

ಪ್ರಶ್ನೆ: ನಾವಿಬ್ಬರೂ ಶಾಲೆಯಲ್ಲಿ ಪಾಠ ಮಾಡುವವರು. ನಮಗೆ ಬೇಸಿಗೆ ರಜೆ ಅಂದರೆ ಏಪ್ರಿಲ್, ಮೇ. ಆಗ ಅಲ್ಲೂ ಬೇಸಿಗೆನಾ? ಸಮುದ್ರಕ್ಕೆ ಇಳಿಯಬಹುದಾ?
– ಶಿಕ್ಷಕ ದಂಪತಿ, ಶಿರಸಿ

ಉತ್ತರ: ಆಗ ಅಲ್ಲಿ ವಸಂತ. ಓಡಾಡುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ, ಈಜುವುದಕ್ಕೆ ಮಾತ್ರ ಅಲ್ಲ. ಏಪ್ರಿಲ್‌ನಲ್ಲಿ ಸಮುದ್ರದ ನೀರು 15, 16 ಡಿಗ್ರಿ ಇರುತ್ತದೆ. ಮೇ ಕೊನೆಗೆ 19 ದಾಟಬಹುದು. ಗೋಕರ್ಣ, ಕಾರವಾರದ ನೀರಿಗೆ ಇಳಿದು ಅಭ್ಯಾಸ ಇರುವವರಿಗೆ ಅದು ಕೊರೆಯುತ್ತದೆ.

ಹಾಗಾಗಿ ಮೇ ತಿಂಗಳ ರಜೆಯಾದರೆ ನಡೆಯುವ ಜಾಗಕ್ಕೆ ಹೋಗಿ, ಅಂದರೆ ಚಿಂಕ್ವೆ ತೆರ್ರೆ, ವಾಯವ್ಯ ಕರಾವಳಿಯಲ್ಲಿ ಸಾಲಾಗಿರುವ ಐದು ಊರುಗಳು. ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನಿಲಿಯಾ, ಮನರೋಲಾ, ರಿಯೊಮಜ್ಜೊರೆ, ಇವೇ ಆ ಐದು ಊರು. ಒಂದರಿಂದ ಇನ್ನೊಂದಕ್ಕೆ ರೈಲಿನಲ್ಲಿ ಕೆಲವೇ ನಿಮಿಷ, ಬಹುಪಾಲು ಸುರಂಗದೊಳಗೆ. ಕಾರು ಬೇಕಾಗುವುದೇ ಇಲ್ಲ. ಊರಿನೊಳಗೆ ರೂಮ್ ದುಬಾರಿ ಅನ್ನಿಸಿದರೆ ಪಕ್ಕದ ಲೆವಾಂತೊದಲ್ಲಿ ಉಳಿಯಿರಿ. ದೊಡ್ಡ ಬೀಚ್, ಸಾಧಾರಣ ಬೆಲೆ, ಮೊಂತೆರೊಸ್ಸೊ ರೈಲಿನಲ್ಲಿ ಮುಂದಿನ ಸ್ಟೇಷನ್. ರೈಲು ಮತ್ತು ಕಾಲುದಾರಿ ಎರಡಕ್ಕೂ ಸೇರಿ ದಿನದ ಕಾರ್ಡ್ ಸಿಗುತ್ತದೆ. ರಿಯೊಮಜ್ಜೊರೆ, ಮನರೋಲಾ ನಡುವಿನ ಹೆಸರುವಾಸಿ ‘ಪ್ರೇಮಿಗಳ ದಾರಿ’ 2012ರಲ್ಲಿ ಬಂಡೆ ಕುಸಿದು ಮುಚ್ಚಿತ್ತು, 2024ರಲ್ಲಿ ಮತ್ತೆ ತೆರೆಯಿತು. ಅದಕ್ಕೆ ಬೇರೆ ಟಿಕೆಟ್, ಸಮಯವನ್ನು ಮೊದಲೇ ಬುಕ್ ಮಾಡಬೇಕು. ಒಂದು ಕಿಲೋಮೀಟರ್‌ಗಿಂತ ಕಡಿಮೆ, ಸಪಾಟು. ನಿಜವಾದ ನಡಿಗೆ ಬೇಕು ಅಂದರೆ ಮೊಂತೆರೊಸ್ಸೊದಿಂದ ವೆರ್ನಾತ್ಸಾಗೆ ಹೋಗುವ ದಾರಿ ಹಿಡಿಯಿರಿ. ದ್ರಾಕ್ಷಿ ತೋಟಗಳ ನಡುವೆ ಹತ್ತಿ ಇಳಿದು, ಕೊನೆಗೆ ವೆರ್ನಾತ್ಸಾದ ಪುಟ್ಟ ಬಂದರು ಮೇಲಿನಿಂದ ಕಾಣುವ ತಿರುವು ಬರುತ್ತದೆ, ಸುಸ್ತೆಲ್ಲ ಅಲ್ಲಿಗೆ ಇಳಿಯುತ್ತದೆ. ಒಳ್ಳೆಯ ಶೂ ಹಾಕಿಕೊಳ್ಳಿ. ಆ ಕಾಲುದಾರಿಗಳಲ್ಲಿ ಹವಾಯಿ ಚಪ್ಪಲಿಯಲ್ಲಿ ನಡೆದರೆ 50 ಯೂರೊದಿಂದ 2,500 ಯೂರೊವರೆಗೆ ದಂಡವಿದೆ.

ಏಪ್ರಿಲ್ 25, ಮೇ 1, ಜೂನ್ 2 ಅಲ್ಲಿ ಸರ್ಕಾರಿ ರಜೆ. ಆ ದಿನಗಳ ಸುತ್ತಮುತ್ತ ಇಟಲಿಯವರೇ ಕಡಲತೀರಕ್ಕೆ ನುಗ್ಗುತ್ತಾರೆ, ತಪ್ಪಿಸಿ.

ಇನ್ನೊಂದು ಮಾತು. ಈಜಲೇಬೇಕು ಅಂತ ಆಸೆ ಇದ್ದರೆ ನಿಮ್ಮ ದಸರಾ ರಜೆಯನ್ನು ನೋಡಿ. ಸಮುದ್ರ ನಿಧಾನಕ್ಕೆ ಕಾದು ನಿಧಾನಕ್ಕೆ ತಣಿಯುತ್ತದೆ, ಹಾಗಾಗಿ ದಕ್ಷಿಣ ಇಟಲಿಯಲ್ಲಿ ಅಕ್ಟೋಬರ್ ಮೊದಲ ವಾರದ ನೀರು ಮೇ ತಿಂಗಳ ನೀರಿಗಿಂತ ಬೆಚ್ಚಗಿರುತ್ತದೆ, 22 ಡಿಗ್ರಿ ಹತ್ತಿರ. ಜನವೂ ಕಡಿಮೆ. ಆದರೆ ಆಗ ಚಿಂಕ್ವೆ ತೆರ್ರೆ ಬೇಡ. ಆ ಕಡೆ ಶರತ್ಕಾಲದ ಮಳೆ ಕೆಟ್ಟದ್ದು. 2011ರ ಅಕ್ಟೋಬರ್ 25ರಂದು ವೆರ್ನಾತ್ಸಾ, ಮೊಂತೆರೊಸ್ಸೊ ಎರಡೂ ಕೆಸರಿನಲ್ಲಿ ಹೂತುಹೋಗಿದ್ದವು. ದಸರಾಕ್ಕೆ ಇಟಲಿಯ ಆಗ್ನೇಯ ತುದಿಯ ಪುಲಿಯಾ ಅಥವಾ ಸಲೆರ್ನೊ ಕಡೆ ಹೋಗಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನುವುದಿಲ್ಲ. ಕಡಲತೀರ ಅಂದ ಮೇಲೆ ಎಲ್ಲ ಕಡೆ ಮೀನೇ ಅಲ್ವಾ? ಬರೀ ಪಿಜ್ಜಾ ತಿಂದು ಬರಬೇಕಾ?
– ಗೃಹಿಣಿ, ಉಡುಪಿ

ಉತ್ತರ: ಖಂಡಿತ ಇಲ್ಲ. ಸಸ್ಯಾಹಾರಿಗಳಿಗೆ ಯುರೋಪಿನಲ್ಲೇ ಸುಖವಾದ ದೇಶ ಇಟಲಿ, ಏನು ಕೇಳಬೇಕು ಅಂತ ಗೊತ್ತಿರಬೇಕು ಅಷ್ಟೇ.

ಪಾಸ್ತಾದಿಂದ ಶುರು ಮಾಡೋಣ. ಒಣ ಪಾಸ್ತಾಕ್ಕೆ ಸಾಮಾನ್ಯವಾಗಿ ಗೋಧಿ ರವೆ ಮತ್ತು ನೀರು ಮಾತ್ರ. ಕೈಯಲ್ಲಿ ಮಾಡಿದ ತಾಜಾ ಪಾಸ್ತಾಕ್ಕೆ ಉತ್ತರದಲ್ಲಿ ಮೊಟ್ಟೆ ಹಾಕುತ್ತಾರೆ, ದಕ್ಷಿಣದ ಪುಲಿಯಾದಲ್ಲಿ ಹೆಚ್ಚಾಗಿ ಹಾಕುವುದಿಲ್ಲ. ಬಾರಿ ನಗರದ ಹಳೆಯ ಪೇಟೆಯ ಒಂದು ಓಣಿಯಲ್ಲಿ ಹೆಂಗಸರು ಮನೆ ಬಾಗಿಲಲ್ಲೇ ಹಲಗೆ ಹಾಕಿಕೊಂಡು ಒರೆಕಿಯೆತ್ತೆ ಮಾಡುತ್ತಾರೆ. ಹಿಟ್ಟನ್ನು ಬೆರಳು ದಪ್ಪ ಹೊಸೆದು, ಚೂರು ಕತ್ತರಿಸಿ, ಮೊಂಡು ಚಾಕುವಿನಿಂದ ಹಲಗೆಯ ಮೇಲೆ ಎಳೆದು, ಹೆಬ್ಬೆರಳಿನ ಮೇಲೆ ತಿರುವಿ ಹಾಕಿದರೆ ಪುಟ್ಟ ಕಿವಿಯ ಆಕಾರ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಆಗಿರುತ್ತದೆ. ಒಣಗಿಸಿದ್ದನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ನಿಂತು ನೋಡಿ. ಅದನ್ನು ಚೀಮೆ ದಿ ರಾಪಾ ಅನ್ನುವ ಸೊಪ್ಪಿನ ಜೊತೆ ಕೊಡುತ್ತಾರೆ. ಎಚ್ಚರ, ಆ ಒಗ್ಗರಣೆಯಲ್ಲಿ ಸಾಮಾನ್ಯವಾಗಿ ಅಂಚೊವಿ ಅನ್ನುವ ಸಣ್ಣ ಉಪ್ಪು ಮೀನು ಕರಗಿಸಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ‘ಸೆನ್‌ತ್ಸಾ ಅಚ್ಚೂಗೆ’ ಅಂತ ಹೇಳಿ, ಅಂದರೆ ಅಂಚೊವಿ ಬೇಡ. ಮೊಟ್ಟೆ ಬೇಡ ಅನ್ನುವುದಕ್ಕೆ ‘ಸೆನ್‌ತ್ಸಾ ಉವೋವಾ’. ಮಾಂಸ, ಮೀನು, ಮೊಟ್ಟೆ ಬೇಡ ಅಂತ ಇಟಾಲಿಯನ್‌ನಲ್ಲಿ ಒಂದು ಚೀಟಿ ಬರೆದು ಮೊಬೈಲ್‌ನಲ್ಲಿ ಇಟ್ಟುಕೊಂಡರೆ ಇನ್ನೂ ಸುಲಭ.

ಪುಲಿಯಾದ ಫಾವೆ ಎ ಚಿಕೋರಿಯಾ ಕೇಳಿ ತಿನ್ನಿ. ಸಿಪ್ಪೆ ತೆಗೆದ ಒಣ ಬೀನ್ಸ್ ಬೇಯಿಸಿ, ಕಡೆದು, ಮೇಲೆ ಬೇಯಿಸಿದ ಕಹಿ ಸೊಪ್ಪು, ಹಸಿ ಆಲಿವ್ ಎಣ್ಣೆ. ಹೊಟ್ಟೆ ತುಂಬುತ್ತದೆ. ಚಿಂಕ್ವೆ ತೆರ್ರೆ ಕಡೆ ಹೋದರೆ ಫರಿನಾತಾ ಬಿಡಬೇಡಿ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಅಷ್ಟೇ. ಅಗಲವಾದ ತಾಮ್ರದ ತಟ್ಟೆಯಲ್ಲಿ ಹುಯ್ದು ಸೌದೆ ಒಲೆಯೊಳಗೆ ತಳ್ಳುತ್ತಾರೆ, ಅಂಚು ಕರುಮ್ ಅನ್ನುತ್ತದೆ, ನಡುವೆ ಮೆತ್ತಗೆ. ನಮ್ಮ ಕಡಲೆಹಿಟ್ಟಿನ ದೋಸೆಯ ರುಚಿಗೆ ತೀರಾ ಹತ್ತಿರ. ಮೇಲೆ ಕಾಳುಮೆಣಸು ಉದುರಿಸಿಕೊಳ್ಳಿ.

ಇನ್ನು ಮುಚ್ಚಿಟ್ಟು ಬರುವ ಸಂಗತಿಗಳು. ಫೊಕಾಚ್ಚಾ, ಪಿಯಾದೀನಾ ತರಹದ ಕೆಲವು ರೊಟ್ಟಿಗಳಿಗೆ ಹಂದಿ ಕೊಬ್ಬು ಹಾಕುವುದುಂಟು, ‘ಸ್ತ್ರುತ್ತೊ’ ಇದೆಯಾ ಅಂತ ಕೇಳಿ. ತರಕಾರಿ ಸೂಪಿನಲ್ಲಿ ಮಾಂಸದ ಸಾರು ಇರಬಹುದು. ಪಾರ್ಮೆಜಾನ್ ಚೀಸ್ ಮಾಡುವುದಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ರೆನೆಟ್ ಬಳಸಲೇಬೇಕು ಅನ್ನುವುದು ಅಲ್ಲಿನ ನಿಯಮ, ಹಾಗಾಗಿ ಕಟ್ಟುನಿಟ್ಟಿನವರು ಅದನ್ನು ಬಿಡಬೇಕು. ಆಗ ಪೆಸ್ತೊ ಅನ್ನುವ ಸೊಪ್ಪಿನ ಚಟ್ನಿ ಕೂಡ ಹೋಗುತ್ತದೆ, ಅದರಲ್ಲಿ ಚೀಸ್ ಇರುತ್ತದೆ. ಪಿಜ್ಜಾದಲ್ಲಿ ‘ಮರಿನಾರಾ’ ಅಂದರೆ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಮಾತ್ರ, ಚೀಸೇ ಇಲ್ಲ. ಹೆಸರು ಕೇಳಿ ಹೆದರಬೇಡಿ, ಮೀನಿಲ್ಲ. ಹಣ್ಣಿನ ಐಸ್‌ಕ್ರೀಮ್ ತಿನ್ನಬಹುದು, ಕ್ರೀಮಿನವುಗಳಲ್ಲಿ ಕೆಲವಕ್ಕೆ ಮೊಟ್ಟೆಯ ಹಳದಿ ಸೇರಿರುತ್ತದೆ.

ಊರಿನಿಂದ ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡ, ಹಾಲಿನ ಸಿಹಿ ಬೇಡ. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ, ಕಸ್ಟಮ್ಸ್‌ನಲ್ಲಿ ಕಿತ್ತುಕೊಂಡರೆ ಸುಮ್ನೆ ಬೇಜಾರು.

ಪ್ರಶ್ನೆ: ನಿವೃತ್ತಿಯಾಗಿದೆ, ಇಬ್ಬರಿಗೂ ಅರವತ್ತೈದು ದಾಟಿದೆ. ಯಜಮಾನರಿಗೆ ಮಂಡಿ ನೋವು. ಮಗಳು ಪೊಸಿಟಾನೊ ಬುಕ್ ಮಾಡುತ್ತೇನೆ ಅನ್ನುತ್ತಿದ್ದಾಳೆ. ಆದೀತಾ?
– ಓದುಗರು, ಮೈಸೂರು

ಉತ್ತರ: ಅಮ್ಮಾ, ಮಗಳ ಪ್ರೀತಿ ದೊಡ್ಡದು, ಆದರೆ ಪೊಸಿಟಾನೊ ಬೇಡ ಅಂತ ಹೇಳಿ. ಬೆಟ್ಟದ ಮೈಗೆ ಅಂಟಿಕೊಂಡ ಊರು ಅದು, ಬೀಚಿನಿಂದ ರೂಮಿಗೆ ಅಂದರೆ ಮೆಟ್ಟಿಲು ಹತ್ತುವುದೇ. ಚಿಂಕ್ವೆ ತೆರ್ರೆಯ ಕೊರ್ನಿಲಿಯಾದಲ್ಲಿ ಸ್ಟೇಷನ್‌ನಿಂದ ಊರಿಗೆ ಸುಮಾರು 380 ಮೆಟ್ಟಿಲು. ಇವು ಫೋಟೊದಲ್ಲಿ ಕಾಣುವುದಿಲ್ಲ.

ಅಮಾಲ್ಫಿ ಕರಾವಳಿಯೇ ಬೇಕು ಅಂದರೆ ಮಯೋರಿ ನೋಡಿ. ಆ ಕರಾವಳಿಯ ಅತಿ ಉದ್ದದ ಬೀಚ್ ಅಲ್ಲಿದೆ, ಅದರ ಪಕ್ಕ ಸಪಾಟಾದ ರಸ್ತೆ, ಬೆಂಚುಗಳು, ಫೆರಿಯೂ ನಿಲ್ಲುತ್ತದೆ. ಆದರೆ ನಿಮಗೆ ನಾನು ಮನಸಾರೆ ಹೇಳುವುದು ಪುಲಿಯಾದ ಮೊನೊಪೊಲಿ. ಬಾರಿ ವಿಮಾನ ನಿಲ್ದಾಣದಿಂದ ದೂರವಿಲ್ಲ, ರೈಲು ಇದೆ. ಊರು ಬಹುಪಾಲು ಸಮತಟ್ಟು. ಹಳೆಯ ಬಂದರಿನಲ್ಲಿ ನೀಲಿ ಬಣ್ಣದ ಮರದ ದೋಣಿಗಳು ಸಾಲಾಗಿ ನಿಂತಿರುತ್ತವೆ, ಕೋಟೆ ಗೋಡೆಯ ಪಕ್ಕ ನಡೆಯುತ್ತ ಹೋದರೆ ಊರೊಳಗೇ ಪುಟ್ಟ ಬೀಚ್. ಮಧ್ಯಾಹ್ನ ಒಂದರಿಂದ ನಾಲ್ಕೈದರವರೆಗೆ ಅಂಗಡಿಗಳು ಮುಚ್ಚಿರುತ್ತವೆ, ನೀವೂ ಮಲಗಿ. ಸಂಜೆ ಇಡೀ ಊರು ಒಳ್ಳೆಯ ಬಟ್ಟೆ ಹಾಕಿಕೊಂಡು ಹೊರಗೆ ಬರುತ್ತದೆ, ಅಜ್ಜ ಅಜ್ಜಿಯರು ಕೈ ಹಿಡಿದು ನಡೆಯುತ್ತಾರೆ. ನಿಮ್ಮ ವಯಸ್ಸಿನವರಿಗೆ ಅಲ್ಲಿ ಸಂಕೋಚವೇ ಆಗುವುದಿಲ್ಲ. ಅಲ್ಲಿಂದ ಪೊಲಿನ್ಯಾನೊ ರೈಲಿನಲ್ಲಿ ಪಕ್ಕದ ಊರು. ಕೋನಾಕಾರದ ಕಲ್ಲು ಛಾವಣಿಯ ಮನೆಗಳಿರುವ ಅಲ್ಬೆರೊಬೆಲ್ಲೊ, 1996ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಊರು, ಅದನ್ನು ಟ್ಯಾಕ್ಸಿಯಲ್ಲಿ ಅರ್ಧ ದಿನದಲ್ಲಿ ನೋಡಿ ಬರಬಹುದು.

ರೂಮ್ ಬುಕ್ ಮಾಡುವಾಗ ಒಂದೇ ಪ್ರಶ್ನೆ: ಲಿಫ್ಟ್ ಇದೆಯಾ, ಮತ್ತು ಲಿಫ್ಟಿಗೆ ಮೊದಲು ಮೆಟ್ಟಿಲು ಇದೆಯಾ? ಹಳೆಯ ಕಟ್ಟಡಗಳಲ್ಲಿ ಎರಡನೆಯದೇ ತೊಂದರೆ. ಜುಲೈ, ಆಗಸ್ಟ್‌ನ ಬಿಸಿಲು ಬೇಡ, ಸೆಪ್ಟೆಂಬರ್ ಮಧ್ಯದ ಮೇಲೆ ಹೋಗಿ.

ಪ್ರಶ್ನೆ: ಅಮಾಲ್ಫಿ ರಸ್ತೆಯಲ್ಲಿ ಕಾರು ಓಡಿಸಬೇಕು ಅನ್ನುವುದು ನನ್ನ ಕನಸು. ಬೆಂಗಳೂರಿನಲ್ಲಿ ದಿನಾ ಓಡಿಸುತ್ತೇನೆ. ಬಾಡಿಗೆಗೆ ತೆಗೆದುಕೊಳ್ಳಲಾ?
– ಓದುಗ, ಬೆಂಗಳೂರು

ಉತ್ತರ: ಅಲ್ಲಿ ಬೇಡ. ಎದುರಿಗೆ ಬಸ್ ಬಂದರೆ ಹಿಂದಕ್ಕೆ ಹೋಗಬೇಕಾದ ತಿರುವುಗಳು, ಓಡಿಸುವವರ ಕಣ್ಣಿಗೆ ಸಮುದ್ರ ಬೀಳುವುದೇ ಇಲ್ಲ. ನಿಲ್ಲಿಸಲು ಜಾಗವಿಲ್ಲ, ಇದ್ದರೆ ವಿಪರೀತ ದುಡ್ಡು. ಬೇಸಿಗೆಯ ವಾರಾಂತ್ಯಗಳಲ್ಲಿ, ಆಗಸ್ಟ್ ಪೂರ್ತಿ, ಹಗಲು ಹೊತ್ತಿನಲ್ಲಿ ಕಾರಿನ ನಂಬರಿನ ಸಮ ಬೆಸ ನೋಡಿ ಬಿಡುವ ನಿಯಮವೂ ಇದೆ. ಕಾರು ಓಡಿಸುವ ಆಸೆ ಪುಲಿಯಾದಲ್ಲಿ ತೀರಿಸಿಕೊಳ್ಳಿ, ಆಲಿವ್ ತೋಟಗಳ ನಡುವೆ ನೇರ ರಸ್ತೆ. ಹೊರಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿ, ಅದರ ಜೊತೆ ಮೂಲ ಲೈಸೆನ್ಸೂ ಬೇಕು. ಊರುಗಳ ಹಳೆಯ ಭಾಗದಲ್ಲಿ ‘ಜೆಡ್‌ಟಿಎಲ್’ (ZTL) ಅಂತ ಬೋರ್ಡ್ ಇದ್ದರೆ, ಅಂದರೆ ಅನುಮತಿ ಇಲ್ಲದ ವಾಹನಗಳಿಗೆ ಪ್ರವೇಶವಿಲ್ಲ, ಒಳಗೆ ನುಗ್ಗಬೇಡಿ. ಕ್ಯಾಮೆರಾ ಫೋಟೊ ತೆಗೆಯುತ್ತದೆ, ದಂಡದ ಚೀಟಿ ತಿಂಗಳುಗಳ ಮೇಲೆ ಬೆಂಗಳೂರಿನ ಮನೆಗೇ ಬರುತ್ತದೆ.

ಪ್ರಶ್ನೆ: ನನಗೆ ಸಮುದ್ರದಲ್ಲಿ ಆಡುವುದೆಂದರೆ ಪ್ರಾಣ, ಆದರೆ ಈಜುಡುಗೆ ಹಾಕಿ ಅಭ್ಯಾಸವಿಲ್ಲ. ಲೆಗ್ಗಿಂಗ್ಸ್, ಟೀಶರ್ಟ್‌ನಲ್ಲಿ ಇಳಿದರೆ ನೋಡಿ ನಗುತ್ತಾರಾ? ಇಬ್ಬರಿಗೂ ಈಜೂ ಬರುವುದಿಲ್ಲ.
– ಹೆಸರು ಬೇಡ, ತುಮಕೂರು

ಉತ್ತರ: ಯಾರೂ ನಗುವುದಿಲ್ಲ. ಅಲ್ಲಿನ ಬೀಚ್‌ಗಳಲ್ಲಿ ಎಂಬತ್ತರ ಅಜ್ಜಿ, ಬಸುರಿ ಹೆಂಗಸು, ದಪ್ಪಗಿರುವವರು, ತೆಳ್ಳಗಿರುವವರು ಎಲ್ಲರೂ ತಮ್ಮ ಪಾಡಿಗೆ ಇರುತ್ತಾರೆ. ಹತ್ತಿ ಬಟ್ಟೆ ಮಾತ್ರ ಬೇಡ, ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಈಜು ಬಾರದವರಿಗೆ ಅದು ಅಪಾಯ. ಉದ್ದ ತೋಳಿನ, ಬೇಗ ಒಣಗುವ ಈಜು ಅಂಗಿ ಮತ್ತು ಈಜಿನ ಲೆಗ್ಗಿಂಗ್ಸ್ ಸಿಗುತ್ತವೆ, ಅದನ್ನೇ ತೆಗೆದುಕೊಳ್ಳಿ. ಬಿಸಿಲಿನಿಂದಲೂ ಕಾಪಾಡುತ್ತದೆ. ಬೀಚ್ ಬಿಟ್ಟು ಊರೊಳಗೆ ಬರುವಾಗ ಮೇಲೊಂದು ಬಟ್ಟೆ ಇರಲಿ. ಸೊರೆಂಟೊದಲ್ಲಿ ಈಜುಡುಗೆಯಲ್ಲಿ ಬೀದಿ ಸುತ್ತಿದರೆ 500 ಯೂರೊವರೆಗೆ ದಂಡ ಹಾಕುವ ಆದೇಶ 2022ರಲ್ಲಿ ಬಂತು.

ಈಜು ಬಾರದು ಅಂದಿದ್ದೀರಿ, ಅದು ಮುಖ್ಯ. ಅಮಾಲ್ಫಿ ಕಡೆ ಬೀಚ್‌ಗಳು ಬೆಣಚುಕಲ್ಲಿನವು, ನಾಲ್ಕು ಹೆಜ್ಜೆಗೆ ಆಳ ಬಂದುಬಿಡುತ್ತದೆ. ನಿಮಗೆ ಮರಳಿನ, ದೂರದವರೆಗೆ ಮೊಣಕಾಲುದ್ದ ನೀರಿರುವ ತೀರ ಬೇಕು. ಪುಲಿಯಾದ ಪಶ್ಚಿಮ ದಡ, ಪೊರ್ತೊ ಚೆಸಾರಿಯೊ ಸುತ್ತಮುತ್ತ, ಹಾಗಿದೆ. ಉತ್ತರ ಇಟಲಿಯ ಪೂರ್ವ ದಡದ ರಿಮಿನಿ ಕೂಡ. ಬೀಚಿನ ಹೆಚ್ಚಿನ ಭಾಗವನ್ನು ‘ಲೀದೊ’ ನಡೆಸುವವರು ವಹಿಸಿಕೊಂಡಿರುತ್ತಾರೆ, ದುಡ್ಡು ಕೊಟ್ಟರೆ ಎರಡು ಮಂಚ, ಒಂದು ಕೊಡೆ, ಶವರ್, ಬಟ್ಟೆ ಬದಲಿಸಲು ಗೂಡು. ‘ಸ್ಪಿಯಾಜ್ಜಾ ಲೀಬೆರಾ’ ಅಂತ ಬೋರ್ಡ್ ಇದ್ದರೆ ಬಿಟ್ಟಿ, ಟವೆಲ್ ಹಾಸಿ ಕೂರಬಹುದು. ನಿಮಗೆ ಲೀದೊನೇ ವಾಸಿ, ಅಲ್ಲಿ ಜೀವರಕ್ಷಕ ಇರುತ್ತಾನೆ. ಕೆಂಪು ಬಾವುಟ ಹಾರಿಸಿದ್ದರೆ ಪಾದವನ್ನೂ ಅದ್ದಬೇಡಿ.

ಪ್ರಶ್ನೆ: ವೀಸಾ ಕೆಲಸ ಯಾವಾಗ ಶುರು ಮಾಡಬೇಕು? ಹೆಂಡತಿ ಕೆಲಸಕ್ಕೆ ಹೋಗುವುದಿಲ್ಲ, ಅದರಿಂದ ತೊಂದರೆ ಇದೆಯಾ?
– ಓದುಗ, ಹುಬ್ಬಳ್ಳಿ

ಉತ್ತರ: ತೊಂದರೆ ಇಲ್ಲ. ಮದುವೆ ನೋಂದಣಿ ಪತ್ರ ಇಡಿ, ಖರ್ಚು ನಾನು ನೋಡಿಕೊಳ್ಳುತ್ತೇನೆ ಅಂತ ನೀವು ಒಂದು ಪತ್ರ ಬರೆದುಕೊಡಿ, ಜೊತೆಗೆ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ಸ್, ಕಚೇರಿಯ ರಜೆ ಪತ್ರ. ಅರ್ಜಿ ಹಾಕುವ ಮುಂಚೆ ಯಾರೋ ಹೇಳಿದರು ಅಂತ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ತುಂಬಬೇಡಿ, ಅದು ಅನುಮಾನಕ್ಕೆ ದಾರಿ.

ಬೇಕಾಗಿರುವುದು ಷೆಂಗೆನ್ ವೀಸಾ, ಇಟಲಿ, ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಅದು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ. ಆ ಗಡುವಿನವರೆಗೆ ಕಾಯಲೇಬೇಡಿ. ಬೇಸಿಗೆಗೆ ಹೋಗುವವರಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಜೂನ್ ಪ್ರಯಾಣಕ್ಕೆ ಜನವರಿ, ಫೆಬ್ರುವರಿಯಲ್ಲೇ ದಿನ ಗೊತ್ತು ಮಾಡಿ. ವೀಸಾ ಅರ್ಜಿ ತೆಗೆದುಕೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರಕ್ಕೆ ಇಬ್ಬರೂ ಹೋಗಬೇಕು, ಬೆರಳಚ್ಚು ಕೊಡಬೇಕು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ, ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊದ್ದು ಇರಬೇಕು. ರೂಮ್‌ಗಳನ್ನು ರದ್ದು ಮಾಡಲು ಬರುವಂತೆ ಬುಕ್ ಮಾಡಿ, ಸುಳ್ಳು ಬುಕಿಂಗ್ ಮಾತ್ರ ಇಡಬೇಡಿ.

ಇನ್ನೊಂದು, 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಹೊಡೆಯುವ ಬದಲು ಫೋಟೊ, ಬೆರಳಚ್ಚು ತೆಗೆಯುವ ವ್ಯವಸ್ಥೆ ಶುರುವಾಗಿದೆ. ಮೊದಲ ಸಲ ಸ್ವಲ್ಪ ಹೊತ್ತು ಹಿಡಿಯುತ್ತದೆ. ದಾರಿಯಲ್ಲಿ ಜರ್ಮನಿಯಂಥ ಷೆಂಗೆನ್ ದೇಶದಲ್ಲಿ ವಿಮಾನ ಬದಲಿಸುವುದಾದರೆ ಆ ಕೆಲಸ ಅಲ್ಲೇ ನಡೆಯುತ್ತದೆ, ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಬಿಡಿ.

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿ ಕೆಲಸ ಮಾಡುತ್ತೇವೆ. ರಜೆ ಸಿಗುವುದೇ ಆಗಸ್ಟ್ ಮಧ್ಯದಲ್ಲಿ. ವೀಸಾ ಬೇಕಾ? ಎಲ್ಲಿ ಹೋಗಲಿ?
– ಕನ್ನಡಿಗ, ಜರ್ಮನಿ

ಉತ್ತರ: ಜರ್ಮನಿಯ ವಾಸದ ಪರವಾನಗಿ ಇದ್ದರೆ ಬೇರೆ ವೀಸಾ ಬೇಡ, ಪಾಸ್‌ಪೋರ್ಟ್ ಮತ್ತು ಆ ಕಾರ್ಡ್ ಎರಡೂ ಜೊತೆಗಿರಲಿ. ಆಗಸ್ಟ್ 15 ಫೆರ್ರಾಗೊಸ್ತೊ ಅನ್ನುವ ಹಬ್ಬದ ರಜೆ, ಅದರ ಆಚೀಚೆ ಎರಡು ವಾರ ಇಡೀ ಇಟಲಿ ಸಮುದ್ರದ ದಡದಲ್ಲೇ ಇರುತ್ತದೆ. ಅಮಾಲ್ಫಿ, ಚಿಂಕ್ವೆ ತೆರ್ರೆ ಎರಡನ್ನೂ ಮರೆತುಬಿಡಿ. ಪೂರ್ವ ಕರಾವಳಿಯ ಅಂಕೋನಾ ನಗರದ ಪಕ್ಕದ ಕೊನೆರೊ ಬೆಟ್ಟದ ಕೆಳಗೆ ಸಿರೋಲೊ, ನುಮಾನಾ ಅಂತ ಊರುಗಳಿವೆ. ಬಿಳಿ ಬಂಡೆ, ಕಾಡು, ತಿಳಿ ನೀರು. ಅಲ್ಲಿ ತುಂಬಿರುವವರೂ ಇಟಲಿಯವರೇ, ಆದರೂ ಉಸಿರಾಡಬಹುದು. ಕೊಡೆ, ಮಂಚವನ್ನೂ ಮೊದಲೇ ಬುಕ್ ಮಾಡಿ.

ಪ್ರಶ್ನೆ: ನೀವು ಹಿಂದೆಯೂ ‘ಒಂದೇ ಊರಲ್ಲಿ ಇರಿ’ ಅಂತ ಬರೆದಿದ್ದಿರಿ, ಹಾಗೇ ಅತ್ರಾನಿಯಲ್ಲಿ ಆರು ರಾತ್ರಿ ಬುಕ್ ಮಾಡಿದ್ದೇವೆ. ಈಗ ಜಗಳ ಶುರುವಾಗಿದೆ. ಅವರಿಗೆ ಬೀಚ್, ನನಗೆ ಊರು ಸುತ್ತುವುದು. ಇಬ್ಬರಿಗೂ ಒಪ್ಪುವ ಹಾಗೆ ದಿನ ಕಳೆಯುವುದು ಹೇಗೆ?
– ಓದುಗಿ, ಧಾರವಾಡ

ಉತ್ತರ: ಅಲ್ಲಿನ ಬಿಸಿಲೇ ನಿಮ್ಮ ಜಗಳ ಬಿಡಿಸುತ್ತದೆ. ಬೆಳಗ್ಗೆ ನಿಮ್ಮದು, ಸಂಜೆ ಅವರದ್ದು ಅಂತ ಮಾಡಿಕೊಳ್ಳಿ.

ಒಂದು ದಿನ ಬೆಳಗ್ಗೆ ಅಮಾಲ್ಫಿಯಿಂದ ಮೊದಲ ಬಸ್ಸುಗಳಲ್ಲೇ ರವೆಲ್ಲೊಗೆ ಹತ್ತಿ. ಸಮುದ್ರದಿಂದ ಮುನ್ನೂರೈವತ್ತು ಮೀಟರ್ ಮೇಲಿನ ಊರು. ಅಲ್ಲಿನ ವಿಲ್ಲಾ ರುಫೊಲೊದ ತೋಟಕ್ಕೆ ಜರ್ಮನ್ ಸಂಗೀತಗಾರ ವಾಗ್ನರ್ 1880ರಲ್ಲಿ ಬಂದಿದ್ದ. ಆ ನೆನಪಿಗೆ 1953ರಲ್ಲಿ ಶುರುವಾದ ಸಂಗೀತೋತ್ಸವ ಈಗಲೂ ಬೇಸಿಗೆಯಲ್ಲಿ ನಡೆಯುತ್ತದೆ, ವೇದಿಕೆಯನ್ನು ಸಮುದ್ರದ ಮೇಲಕ್ಕೆ ಚಾಚಿ ಕಟ್ಟುತ್ತಾರೆ. ವಾಪಸ್ ಬರುವಾಗ ಬಸ್ ಬೇಡ, ಹಳೆಯ ಮೆಟ್ಟಿಲು ದಾರಿಯಲ್ಲಿ ಇಳಿದರೆ ನಿಮ್ಮ ಅತ್ರಾನಿಗೇ ಬಂದು ಸೇರುತ್ತೀರಿ. ಇನ್ನೊಂದು ದಿನ ಅಮಾಲ್ಫಿಯ ಚರ್ಚು. ಅದರ ಕಂಚಿನ ಬಾಗಿಲುಗಳನ್ನು ಹನ್ನೊಂದನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಎರಕ ಹುಯ್ಯಿಸಿ ಸಮುದ್ರದಲ್ಲಿ ತಂದರು, ಅಮಾಲ್ಫಿ ಆಗ ವ್ಯಾಪಾರದಲ್ಲಿ ಅಷ್ಟು ದೊಡ್ಡದು. ಹಾಗೇ ಮೇಲಕ್ಕೆ ನಡೆದರೆ ಹಳೆಯ ಕಾಗದದ ಕಾರ್ಖಾನೆಯ ಮ್ಯೂಸಿಯಂ, ಹಾಳೆಯನ್ನು ಕೈಯಲ್ಲಿ ಎತ್ತುವುದನ್ನು ತೋರಿಸುತ್ತಾರೆ. ಅವರಿಗೂ ಹಿಡಿಸುತ್ತದೆ ನೋಡಿ.

ಮೂರನೇ ಬೆಳಗ್ಗೆ ಮಯೋರಿಯಿಂದ ಮಿನೋರಿಗೆ ನಿಂಬೆ ತೋಟಗಳ ನಡುವಿನ ಕಾಲುದಾರಿ, ಒಂದು ಗಂಟೆಯೂ ಹಿಡಿಯಲ್ಲ. ಇನ್ನೂ ಕಾಲಿಗೆ ಶಕ್ತಿ ಇದ್ದರೆ ಒಂದು ದಿನ ಬೊಮೆರಾನೊದಿಂದ ನೊಚೆಲ್ಲೆವರೆಗೆ ‘ದೇವತೆಗಳ ದಾರಿ’ ನಡೆಯಿರಿ, ಆರೇಳು ಕಿಲೋಮೀಟರ್, ನೀರು ಜಾಸ್ತಿ ಒಯ್ಯಿರಿ. ಉಳಿದ ದಿನ ಬೆಳಗ್ಗೆ ಏನೂ ಇಟ್ಟುಕೊಳ್ಳಬೇಡಿ.

ಊಟ, ನಿದ್ದೆ ಮುಗಿಸಿ ನಾಲ್ಕರ ಮೇಲೆ ಬೀಚ್. ಆಗ ಬಿಸಿಲು ಇಳಿದಿರುತ್ತದೆ, ಜನರೂ ಕರಗುತ್ತಾರೆ, ಕೆಲವು ಲೀದೊಗಳು ಅರ್ಧ ದಿನದ ದರವನ್ನೂ ತೆಗೆದುಕೊಳ್ಳುತ್ತವೆ, ಕೇಳಿ ನೋಡಿ. ಜೂನ್‌ನಲ್ಲಿ ರಾತ್ರಿ ಎಂಟೂವರೆವರೆಗೆ ಬೆಳಕಿರುತ್ತದೆ, ಅವರಿಗೆ ಬೇಕಾದಷ್ಟು ಸಮುದ್ರ ಸಿಗುತ್ತದೆ. ಒಬ್ಬರಿಗೆ ಒಂದು ದಿನ ಮನಸ್ಸಿಲ್ಲದಿದ್ದರೆ ಬೇರೆ ಬೇರೆ ಹೋಗಿ ರಾತ್ರಿ ಊಟಕ್ಕೆ ಚೌಕದಲ್ಲಿ ಸೇರಿ, ಅದರಲ್ಲಿ ತಪ್ಪೇನಿಲ್ಲ. ಗಾಳಿ ಎದ್ದ ದಿನ ಫೆರಿ ನಿಲ್ಲಿಸುತ್ತಾರೆ, ಹಾಗಾಗಿ ದೂರ ಹೋದ ದಿನ ಕೊನೆಯ ದೋಣಿಯ ಹೊತ್ತು ಬೆಳಗ್ಗೆಯೇ ಕೇಳಿಕೊಂಡು, ಬಸ್ ಟಿಕೆಟ್ ಎರಡು ತೆಗೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಸಂಜೆ ಮೇಲೆ ಟಿಕೆಟ್ ಮಾರುವ ಅಂಗಡಿ ಮುಚ್ಚಿರಬಹುದು.